ಬಟ್ಟೆಯ ಬಣ್ಣ: ತಡವಾಗಿ ಕೊಟ್ಟ ಒಂದು ಉತ್ತರ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ. ಲೇಖಕರು 2003ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ನನ್ನನ್ನು ಕರೆದಾಗ ಗುರುಗಳು, ‘ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ನಾಲ್ಕು ಮಾತು ಹೇಳಪಾ’ ಎಂದಿದ್ದರು. ನಾನೂ ಹೂಂ ಅಂದಿದ್ದೆ. ಆದರೆ ವಿಷಯ ಬದಲಿಸಬೇಕಾಯಿತು. ಅದಕ್ಕೆ ಕಾರಣ ನಿಮ್ಮಲ್ಲೇ ಕೂತಿರುವ ಒಬ್ಬ ಹುಡುಗ.

ಕಳೆದ ಜುಲೈನಲ್ಲಿ ನಮ್ಮ ಬ್ಯಾಚಿನವರು ಶಾಲೆಗೆ ಕಂಪ್ಯೂಟರ್ ಕೊಡಲು ಬಂದಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಅರ್ಧ ಗಂಟೆ ಮಾತಾಡಿ, ‘ಏನಾದರೂ ಕೇಳಿ’ ಅಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ‘ಸರ್, ನಿಮ್ಮ ಮಂದ್ಯಾಗ ಹೆಣ್ಮಕ್ಕಳು ಯಾಕ ಕರೀದಾ ಹಾಕ್ಕೋತಾರ್ರೀ? ಬ್ಯಾರೆ ಬಣ್ಣ ಹಾಕ್ಕೊಂಡ್ರ ಪಾಪ ಬರ್ತದೇನ್ರೀ?’ ಎಂದು ಕೇಳಿದ. ತರಗತಿಯಲ್ಲಿ ಕಿಸಕ್ಕನೆ ನಗು. ಶಿಕ್ಷಕರು, ‘ಕುಂದ್ರೋ, ಅದನ್ನೆಲ್ಲಾ ಕೇಳಬಾರ್ದು’ ಎಂದು ಗದರಿದರು. ಎಡಗಡೆ ಸಾಲಿನಲ್ಲಿದ್ದ ಮೂರು ಮುಸ್ಲಿಂ ಹುಡುಗಿಯರು ತಲೆ ಕೆಳಗೆ ಹಾಕಿದರು. ನಾನು ನಕ್ಕು, ‘ಅದು ನಮ್ಮ ಪದ್ಧತಿ’ ಅಂದುಬಿಟ್ಟೆ. ಗಂಟೆ ಬಾರಿಸಿತು, ಎದ್ದು ಬಂದೆ.

ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಮ್ಮ ಕೆಲಸದಲ್ಲಿ ಹೊಸಬನೊಬ್ಬ, ‘ಈ ಸಾಲನ್ನು ಪ್ರೋಗ್ರಾಮಿನಲ್ಲಿ ಯಾಕೆ ಬರೆದಿದ್ದೀರಿ?’ ಎಂದು ಕೇಳಿದಾಗ ಹಿರಿಯನಾದವನು ‘ಮೊದಲಿನಿಂದ ಹಾಗೇ ಇದೆ’ ಎಂದರೆ, ಅವನಿಗೂ ಗೊತ್ತಿಲ್ಲ ಎಂದೇ ಅರ್ಥ. ನಾನು ಆ ಹುಡುಗನಿಗೆ ಕೊಟ್ಟದ್ದು ಅಂಥ ಉತ್ತರ. ಅದರಿಂದ ಅವನಿಗೂ ಏನೂ ತಿಳಿಯಲಿಲ್ಲ, ತಲೆ ತಗ್ಗಿಸಿದ ಹುಡುಗಿಯರಿಗೂ ಏನೂ ಆಸರೆಯಾಗಲಿಲ್ಲ. ಆದ್ದರಿಂದ ಇವತ್ತು ಆ ಪ್ರಶ್ನೆಗೇ ಉತ್ತರ ಕೊಡುತ್ತೇನೆ.

ಮೊದಲೇ ಒಂದು ಮಾತು. 2022ರಲ್ಲಿ ನಮ್ಮ ರಾಜ್ಯದಲ್ಲಿ ತರಗತಿಯೊಳಗಿನ ತಲೆವಸ್ತ್ರದ ವಿಚಾರ ನ್ಯಾಯಾಲಯಕ್ಕೆ ಹೋಯಿತು. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ಚರ್ಚೆಯನ್ನು ನಾನು ಈ ವೇದಿಕೆಗೆ ತರುವುದಿಲ್ಲ. ನನ್ನ ಮಾತು ಬಣ್ಣದ ಬಗ್ಗೆ ಮಾತ್ರ.

ನಮ್ಮ ಮನೆಯಲ್ಲಿ ಅಮ್ಮಿಯ ಒಂದು ಕಬ್ಬಿಣದ ಟ್ರಂಕು ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಚಿಕ್ಕವನಿದ್ದಾಗ ರಮ್ಜಾನ್ ಹಬ್ಬದ ಮುಂಚೆ ಆ ಟ್ರಂಕು ಬಿಸಿಲಿಗೆ ಬರುತ್ತಿತ್ತು. ನುಸಿಗುಳಿಗೆಯ ವಾಸನೆಯ ಜೊತೆ ಬಣ್ಣಗಳೂ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಎಲ್ಲಕ್ಕಿಂತ ಮೇಲೆ ಒಂದು ಹಳದಿ ಬಟ್ಟೆ. ಅದು ಮದುವೆಯ ಮುಂಚೆ ಅರಿಶಿನ ಹಚ್ಚುವ ದಿನದ್ದು. ನಾವು ಅದಕ್ಕೆ ಮಾಂಜಾ ಎನ್ನುತ್ತೇವೆ. ಅದರ ಕೆಳಗೆ ನಿಕಾಹದ ಕೆಂಪು ಸೀರೆ. ಅದರ ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಗಿಳಿಹಸಿರು ಬಣ್ಣದ ರೇಷ್ಮೆ ಇಳಕಲ್ ಸೀರೆ, ಕೆಂಪು ಟೋಪ್ ತೆನಿ ಸೆರಗಿನದು. ನಮ್ಮಕ್ಕ ಹೊಟ್ಟೆಯಲ್ಲಿದ್ದಾಗ ಏಳನೆಯ ತಿಂಗಳ ಸತ್ವಾಸಾಕ್ಕೆ ಅಮ್ಮಿಯ ತವರಿನವರು ತಂದದ್ದು. ನೀವು ಕುಬುಸ ಮಾಡುವಾಗ ಹಸಿರು ಸೀರೆ, ಹಸಿರು ಬಳೆ ಕೊಡುತ್ತೀರಲ್ಲ, ನಮ್ಮದೂ ಅದೇ. ಈ ಹಸಿರು ಅರಬಸ್ತಾನದಿಂದ ಬಂದದ್ದಲ್ಲ, ನಮ್ಮ ಹೊಲದಿಂದ ಬಂದದ್ದು. ಒಂದು ಸಣ್ಣ ಡಬ್ಬಿಯಲ್ಲಿ ಕರಿಮಣಿಯ ಲಚ್ಛಾ. ನೀವು ತಾಳಿಯಲ್ಲಿ ಪೋಣಿಸುವ ಅದೇ ಕರಿಮಣಿ. ದಖ್ಖನಿನ ಮುಸ್ಲಿಂ ಮದುಮಗಳ ಕೊರಳಿನಲ್ಲೂ ಅದು ಮುತ್ತೈದೆಯ ಗುರುತೇ. ಅಂದರೆ ನಮ್ಮ ಮನೆಯಲ್ಲಿ ಕಪ್ಪು ಮೊದಲು ಬಂದದ್ದು ಶುಭದ ಬಣ್ಣವಾಗಿ.

ಆ ಟ್ರಂಕಿನಲ್ಲಿ ಕಪ್ಪು ಬುರ್ಖಾ ಇರಲಿಲ್ಲ. ಅಮ್ಮಿ ಹೊರಗೆ ಹೋಗುವಾಗ ಸೀರೆಯ ಮೇಲೆ ಬಿಳಿ ಚಾದರ ಹೊದೆಯುತ್ತಿದ್ದಳು. ನಮ್ಮ ದಾದಿಯೂ ಹಾಗೇ. ಈ ಊರಿನ ಹಿರಿಯರಿಗೆ ಆ ಬಿಳಿ ಚಾದರ ನೆನಪಿರುತ್ತದೆ.

ಹಾಗಾದರೆ ಧರ್ಮ ಏನು ಹೇಳುತ್ತದೆ? ನಾನು ಮೌಲ್ವಿ ಅಲ್ಲ. ಆದರೆ ಮೂಲವನ್ನು ಓದದೆ ತಪ್ಪು ಹುಡುಕಬಾರದು ಎಂಬುದು ನನ್ನ ಕಸುಬು ಕಲಿಸಿದ ಪಾಠ. ಅನುವಾದಗಳನ್ನು ಇಟ್ಟುಕೊಂಡು ಓದಿದೆ, ತಿಳಿದವರನ್ನು ಕೇಳಿದೆ. ಕುರಾನಿನಲ್ಲಿ ಹೆಣ್ಣುಮಕ್ಕಳ ಉಡುಪಿನ ಮಾತು ಮುಖ್ಯವಾಗಿ ಎರಡು ಕಡೆ ಬರುತ್ತದೆ. ಒಂದು 24ನೇ ಅಧ್ಯಾಯದ 31ನೇ ವಚನ, ಇನ್ನೊಂದು 33ನೇ ಅಧ್ಯಾಯದ 59ನೇ ವಚನ. ಮೈ ಮುಚ್ಚುವ ಮಾತಿದೆ, ಮರ್ಯಾದೆಯ ಮಾತಿದೆ. 24ರಲ್ಲಿ ಅದಕ್ಕೂ ಒಂದು ವಚನ ಮೊದಲು ಗಂಡಸರಿಗೆ ದೃಷ್ಟಿ ತಗ್ಗಿಸಿ ನಡೆಯಿರಿ ಎಂಬ ಅಪ್ಪಣೆಯೂ ಇದೆ. ಇದನ್ನು ಹುಡುಗರು ಗಮನಿಸಬೇಕು. ಆದರೆ ಈ ಎರಡೂ ಕಡೆ ಬಣ್ಣದ ಹೆಸರು ಒಂದೂ ಇಲ್ಲ. ಉಡುಪಿನ ಜೊತೆ ಬಣ್ಣದ ಹೆಸರು ಬರುವುದು ಸ್ವರ್ಗದ ವರ್ಣನೆಯಲ್ಲಿ. ಅಲ್ಲಿರುವವರು ಹಸಿರು ರೇಷ್ಮೆ ಉಟ್ಟಿರುತ್ತಾರೆ ಎಂದು. ಅಮ್ಮಿಯ ಇಳಕಲ್ ಸೀರೆಯ ನೆನಪಾಗಿ ನಾನು ಆ ವಾಕ್ಯವನ್ನು ಎರಡು ಸಲ ಓದಿದೆ.

ಇನ್ನು ಹದೀಸು, ಅಂದರೆ ಪ್ರವಾದಿಯವರ ಕಾಲದ ನಡೆನುಡಿಗಳ ದಾಖಲೆ. ಅಲ್ಲಿ ಬಿಳಿ ಬಟ್ಟೆಯನ್ನು ಒಳ್ಳೆಯದೆಂದು ಹೇಳಿದೆ. ಸತ್ತವರಿಗೂ ಬಿಳಿಯನ್ನೇ ಹೊದಿಸಿ ಎಂದಿದೆ. ಕುಸುಬೆ ಹೂವಿನ ಬಣ್ಣ ಹಾಕಿದ ಬಟ್ಟೆ ಗಂಡಸರಿಗೆ ಬೇಡ ಎಂದಿದೆ. ಕುಸುಬೆ ನಮ್ಮ ಎರಿಹೊಲದ ಬೆಳೆ, ನಿಮಗೆ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳು ಮಾತ್ರ ಆ ಕೇಸರಿ ಕೆಂಪನ್ನು ಉಡುತ್ತಿದ್ದರು. ಹಸಿರು ತಲೆವಸ್ತ್ರ ಹಾಕಿಕೊಂಡು ಬಂದ ಒಬ್ಬ ಹೆಣ್ಣುಮಗಳ ಪ್ರಸಂಗವೂ ಬುಖಾರಿಯ ಸಂಗ್ರಹದಲ್ಲಿದೆ.

ಕಪ್ಪೂ ಇದೆ. ಮೈಮುಚ್ಚುವ ವಚನ ಬಂದ ಮೇಲೆ ಮದೀನಾದ ಹೆಣ್ಣುಮಕ್ಕಳು ತಲೆಯ ಮೇಲೆ ಕಾಗೆ ಕೂತಂತೆ ಕಾಣುತ್ತಿದ್ದರು ಎಂದು ಪ್ರವಾದಿಯವರ ಪತ್ನಿ ಉಮ್ಮೆ ಸಲಮಾ ಹೇಳಿದ ಮಾತು ಅಬೂ ದಾವೂದರ ಸಂಗ್ರಹದಲ್ಲಿದೆ. ಕಪ್ಪೇ ಸರಿ ಎನ್ನುವವರು ಈ ಮಾತನ್ನು ಆಧಾರವಾಗಿ ಹೇಳುತ್ತಾರೆ. ಅದು ಆವತ್ತಿನ ಬಟ್ಟೆಯ ವರ್ಣನೆ, ಎಲ್ಲ ಕಾಲಕ್ಕೂ ಅಪ್ಪಣೆ ಅಲ್ಲ ಎನ್ನುವವರೂ ಇದ್ದಾರೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಪ್ರಸಂಗ. ಅಬಿಸೀನಿಯಾದಲ್ಲಿ ಹುಟ್ಟಿ ಬಂದಿದ್ದ ಉಮ್ಮೆ ಖಾಲಿದ್ ಎಂಬ ಪುಟ್ಟ ಹುಡುಗಿಗೆ ಪ್ರವಾದಿಯವರು ಅಂಚಿನಲ್ಲಿ ಬಣ್ಣದ ಗುರುತಿದ್ದ ಒಂದು ಕಪ್ಪು ಬಟ್ಟೆಯನ್ನು ತಾವೇ ಹೊದಿಸಿ, ಅವಳು ಬೆಳೆದ ಅಬಿಸೀನಿಯಾದ ಭಾಷೆಯಲ್ಲೇ ‘ಚೆಂದ’ ಎಂದರಂತೆ. ಅಲ್ಲಿ ಕಪ್ಪು ಒಂದು ಮಗುವಿಗೆ ಕೊಟ್ಟ ಉಡುಗೊರೆ.

ಈಗ ಇತಿಹಾಸಕ್ಕೆ ಬರೋಣ. ಬಣ್ಣಗಳಿಗೆ ರಾಜಕೀಯವೂ ಇತ್ತು. 750ರಲ್ಲಿ ಅಧಿಕಾರಕ್ಕೆ ಬಂದ ಅಬ್ಬಾಸಿ ಖಲೀಫರ ಬಾವುಟ ಕಪ್ಪು, ದರ್ಬಾರಿನ ಉಡುಪೂ ಕಪ್ಪು. 817ರಲ್ಲಿ ಖಲೀಫ ಮಾಮೂನ್ ಪ್ರವಾದಿಯವರ ವಂಶಸ್ಥರೊಬ್ಬರನ್ನು ಉತ್ತರಾಧಿಕಾರಿ ಎಂದು ಘೋಷಿಸಿ ದರ್ಬಾರಿನ ಬಣ್ಣವನ್ನು ಹಸಿರಿಗೆ ಬದಲಿಸಿದ. ಎರಡೇ ವರ್ಷದಲ್ಲಿ ಮತ್ತೆ ಕಪ್ಪು ಬಂತು. ಈಜಿಪ್ಟಿನ ಫಾತಿಮಿ ಖಲೀಫರು ಬಿಳಿಯನ್ನು ತಮ್ಮದು ಮಾಡಿಕೊಂಡರು. ನಮ್ಮಲ್ಲಿ ಪಕ್ಷಕ್ಕೊಂದು ಶಾಲು ಇದ್ದಂತೆಯೇ!

ವ್ಯಾಪಾರವೂ ಇತ್ತು. ಹತ್ತನೆಯ ಶತಮಾನದ ‘ಕಿತಾಬುಲ್ ಅಗಾನಿ’ ಎಂಬ ಅರಬ್ಬಿ ಗ್ರಂಥದಲ್ಲಿ ಒಂದು ಸ್ವಾರಸ್ಯದ ಕಥೆ ಇದೆ. ಇರಾಕಿನ ಕೂಫಾದಿಂದ ವ್ಯಾಪಾರಿಯೊಬ್ಬ ಮದೀನಾಕ್ಕೆ ತಲೆವಸ್ತ್ರಗಳನ್ನು ಮಾರಲು ತಂದ. ಬೇರೆ ಬಣ್ಣದವೆಲ್ಲ ಖರ್ಚಾದವು, ಕಪ್ಪು ಮಾತ್ರ ಹಾಗೇ ಉಳಿದವು. ಯಾರಿಗೂ ಬೇಡ. ವ್ಯಾಪಾರಿ ತನ್ನ ಸ್ನೇಹಿತ ದಾರಿಮಿ ಎಂಬ ಕವಿಯ ಹತ್ತಿರ ಗೋಳಾಡಿದ. ಕವಿ ಕವಿತೆ ಬಿಟ್ಟು ಧ್ಯಾನಕ್ಕೆ ಕೂತಿದ್ದವನು. ಆದರೂ ಸ್ನೇಹಿತನಿಗಾಗಿ, ಕಪ್ಪು ತಲೆವಸ್ತ್ರದ ಚೆಲುವೆಯೊಬ್ಬಳನ್ನು ಕಂಡು ಸನ್ಯಾಸಿಯೊಬ್ಬ ಮನಸ್ಸು ಕಳೆದುಕೊಂಡ ಎಂದು ಒಂದು ಹಾಡು ಕಟ್ಟಿದ. ಹಾಡು ಊರೆಲ್ಲ ಹರಡಿತು. ಮದೀನಾದ ಹೆಣ್ಣುಮಕ್ಕಳು ಮುಗಿಬಿದ್ದು ಕಪ್ಪನ್ನೇ ಕೊಂಡರು, ಮಾಲು ಖಾಲಿ! ಜಾಹೀರಾತು ಎಂದರೆ ಇದೇ. ಕಪ್ಪು ಬಟ್ಟೆ ಚೆಲುವಿಗಾಗಿ ಮಾರಾಟವಾದ ಕಾಲವೂ ಇತ್ತು ಎಂಬುದು ಇದರಿಂದ ತಿಳಿಯುತ್ತದೆ.

ಭೂಪಟ ಬಿಡಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಜೀರಿಯಾದ ರಾಜಧಾನಿ ಅಲ್ಜೀರ್ಸಿನ ಹೆಣ್ಣುಮಕ್ಕಳ ಹಳೆಯ ಹೊದಿಕೆ ಹಾಯಿಕ್. ಅಚ್ಚ ಬಿಳಿ. ಅದೇ ದೇಶದ ಪೂರ್ವಕ್ಕೆ ಕಾನ್‌ಸ್ಟಂಟೈನ್ ನಗರದಲ್ಲಿ ಹೊದಿಕೆ ಕಪ್ಪು. 1792ರಲ್ಲಿ ಕೊಲೆಯಾದ ಸಾಲಾಹ್ ಬೇ ಎಂಬ ಜನಪ್ರಿಯ ಆಡಳಿತಗಾರನ ದುಃಖದಲ್ಲಿ ಉಟ್ಟ ಕಪ್ಪನ್ನು ಅವರು ಮತ್ತೆ ಬಿಡಲಿಲ್ಲ ಎಂಬ ಪ್ರತೀತಿ ಇದೆ. ಅಫ್ಘಾನಿಸ್ತಾನದ ಕಾಬೂಲಿನಲ್ಲಿ ಬುರ್ಖಾ ನೀಲಿ, ಉತ್ತರದ ಮಜಾರ್-ಎ-ಶರೀಫಿನಲ್ಲಿ ಬಿಳಿ ಹೆಚ್ಚು. ಸಹಾರಾ ಮರುಭೂಮಿಯ ಮಾರಿಟೇನಿಯಾದಲ್ಲಿ ಹೆಣ್ಣುಮಕ್ಕಳು ನಮ್ಮ ಸೀರೆಯಂತೆ ಸುತ್ತಿಕೊಳ್ಳುವ ಮೆಲ್ಹಫಾ ಹಳದಿ, ಗುಲಾಬಿ, ನೀಲಿ ಹೀಗೆ ನೂರು ಬಣ್ಣದ್ದು. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾದ ಇಂಡೋನೇಷ್ಯಾದಲ್ಲಿ ತಲೆವಸ್ತ್ರಕ್ಕೆ ಇಲ್ಲದ ಬಣ್ಣವೇ ಇಲ್ಲ.

ನಮ್ಮ ದೇಶದಲ್ಲೇ ನೋಡಿ. ದಾವೂದಿ ಬೊಹ್ರಾ ಹೆಣ್ಣುಮಕ್ಕಳ ರಿದಾ ತಿಳಿ ಗುಲಾಬಿ, ತಿಳಿ ನೀಲಿ, ಕಸೂತಿ ಅಂಚಿನದು. ಅವರು ಕಪ್ಪನ್ನೇ ಸಾಮಾನ್ಯವಾಗಿ ಬಿಡುತ್ತಾರೆ. ಕೇರಳದ ಮಾಪಿಳ್ಳ ಅಜ್ಜಿಯರದು ಬಿಳಿ ಕುಪ್ಪಾಯ, ಬಿಳಿ ತಟ್ಟಂ. ಶಿಯಾ ಪಂಥದವರು 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ದುಃಖಕ್ಕಾಗಿ ಮೊಹರಂನಲ್ಲಿ ಕಪ್ಪು ಉಡುತ್ತಾರೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೆ ಆ ದಿನಗಳಲ್ಲಿ ಹೋದರೆ ಇದು ಕಾಣುತ್ತದೆ. ಹಜ್ ಯಾತ್ರೆಯಲ್ಲಿ ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಟ್ಟೆ ಎಂಬ ನಿಯಮವಿದೆ. ಹೆಂಗಸರಿಗೆ ಬಣ್ಣದ ನಿಯಮವೇ ಇಲ್ಲ. ಅಷ್ಟೇ ಅಲ್ಲ, ಅಲ್ಲಿ ಮುಖಪರದೆ ಕಟ್ಟುವಂತಿಲ್ಲ.

ಕಪ್ಪು ನಿಲುವಂಗಿ, ಅಂದರೆ ಅಬಾಯಾ, ನಮ್ಮ ಓಣಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ನಮ್ಮವರು ದುಡಿಯಲು ಕೊಲ್ಲಿ ದೇಶಗಳಿಗೆ ಹೋಗತೊಡಗಿದ ಮೇಲೆ. ಅಲ್ಲಿಂದ ಬರುವಾಗ ಅತ್ತರು, ಟೇಪ್‌ರೆಕಾರ್ಡರು, ಖರ್ಜೂರದ ಜೊತೆ ಪೆಟ್ಟಿಗೆಯಲ್ಲಿ ಒಂದು ಅಬಾಯಾ. ಅದು ಧರ್ಮದ ಗುರುತಷ್ಟೇ ಆಗಿರಲಿಲ್ಲ, ‘ನಮ್ಮ ಮನೆಯವರು ದುಬೈದಾಗ ಅದಾರ’ ಎಂಬ ಅಂತಸ್ತಿನ ಗುರುತೂ ಆಗಿತ್ತು.

ಇಲ್ಲಿ ವಿಜ್ಞಾನದ ಒಂದು ಮಾತು. ನಮ್ಮ ವಿಜ್ಞಾನದ ಗುರುಗಳು ಒಂದು ಡಬ್ಬಿಗೆ ಕಪ್ಪು, ಇನ್ನೊಂದಕ್ಕೆ ಬಿಳಿ ಬಣ್ಣ ಬಳಿದು ನೀರು ಹಾಕಿ ಬಿಸಿಲಿಗಿಟ್ಟು, ಕಪ್ಪು ಹೆಚ್ಚು ಶಾಖ ಹೀರುತ್ತದೆ ಎಂದು ತೋರಿಸಿದ್ದರು. ಹಾಗಾದರೆ ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ? 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಸಂಶೋಧನೆ ಪ್ರಕಟವಾಯಿತು. ನೆಗೆವ್ ಮರುಭೂಮಿಯ ಬಿಸಿಲಿನಲ್ಲಿ ಕಪ್ಪು ಮತ್ತು ಬಿಳಿ ನಿಲುವಂಗಿ ತೊಡಿಸಿ ಅಳೆದರು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದ್ದು ನಿಜ. ಆದರೆ ಆ ಹೆಚ್ಚಿನ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತಿತ್ತು. ಮೈಗೆ ತಟ್ಟಿದ ಶಾಖ ಎರಡರಲ್ಲೂ ಒಂದೇ. ಅಂದರೆ ಗುರುಗಳ ಪ್ರಯೋಗವೂ ಸರಿ, ಬೆದೂಯಿನರೂ ಸರಿ. ಆದರೆ ಅದು ಗಾಳಿಯಾಡುವ ಸಡಿಲ ನಿಲುವಂಗಿಯ ಮಾತು. ಏಪ್ರಿಲ್ ತಿಂಗಳಲ್ಲಿ ತುಂಬಿದ ಕೆಂಪು ಬಸ್ಸಿನಲ್ಲಿ ಪಾಲಿಯೆಸ್ಟರ್ ಬುರ್ಖಾ ಹಾಕಿ ನಿಂತವಳಿಗೆ ಇದನ್ನು ಹೇಳಿ ಸಮಾಧಾನ ಮಾಡಲು ಹೋಗಬೇಡಿ.

ಇಷ್ಟೆಲ್ಲ ಓದಿದ ಮೇಲೆ, ಪುಸ್ತಕ ಬಿಟ್ಟು ಉಡುವವರನ್ನೇ ಕೇಳೋಣ ಎನಿಸಿತು. ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಓಣಿಯ ಏಳು ಹೆಣ್ಣುಮಕ್ಕಳನ್ನು ಕೇಳಿದೆ. ಬುರ್ಖಾ ಹೊಲಿಯುವ ನಮ್ಮ ಖಾಲಾ ಹೇಳಿದಳು: ‘ಕರೀದಾದ್ರ ಒಂದ ತಾನಿನ್ಯಾಗ ನಾಕು ಮಂದೀದು ಕತ್ತರಸ್ತೀನಿ, ಉಳಿದ ತುಂಡು ಇನ್ನೊಬ್ಬರ ತೋಳಿಗೆ ಬರ್ತದ. ದಾರದ ಉಂಡಿನೂ ಒಂದ ಸಾಕು. ಬಣ್ಣದ್ದಾದ್ರ ಒಂದೊಂದಕ್ಕೂ ಬ್ಯಾರೆ ತರಬೇಕು.’ ಬೀಡಿ ಕಟ್ಟುವ ಒಬ್ಬಾಕೆ, ‘ಧೂಳು, ಕಲೆ ಕಾಣಂಗಿಲ್ಲ’ ಎಂದಳು. ಕಾಲೇಜಿನಲ್ಲಿ ಕಲಿಸುವ ಒಬ್ಬರು, ‘ನಾನು ಓದಿ, ಯೋಚಿಸಿ, ಮನಸ್ಸಾರೆ ಕಪ್ಪು ಆರಿಸಿಕೊಂಡೆ. ಯಾರೂ ನನ್ನ ಬಟ್ಟೆಯ ಬಣ್ಣ ನೋಡದೆ ನನ್ನ ಮಾತು ಕೇಳಲಿ ಅಂತ’ ಎಂದರು. ಇನ್ನೊಬ್ಬಳು ಸುತ್ತ ನೋಡಿ, ದನಿ ತಗ್ಗಿಸಿ, ‘ನನಗ ನೀಲಿ ಸೇರ್ತದ. ಮನ್ಯಾಗ ಬಿಡಂಗಿಲ್ಲ’ ಎಂದಳು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿರುವ ನಮ್ಮಕ್ಕ, ಸಣ್ಣ ಮಕ್ಕಳು ಹೆದರಬಾರದೆಂದು ತಿಳಿ ಕಂದು ಬಣ್ಣದ್ದು ಹಾಕುತ್ತಾಳೆ. ಅವಳ ಮಗಳಿಗೆ ಚಪ್ಪಲಿಯ ಬಣ್ಣಕ್ಕೆ ಹೊಂದುವ ತಲೆವಸ್ತ್ರವೇ ಆಗಬೇಕು. ಏಳನೆಯವಳು ಕೂಲಿಗೆ ಹೋಗುವ ಮುದುಕಿ, ತಲೆಯ ಮೇಲೆ ಸೆರಗು ಬಿಟ್ಟರೆ ಬೇರೇನಿಲ್ಲ. ‘ಬುರ್ಖಾ ಹಾಕ್ಕೊಂಡು ಶೇಂಗಾ ಹೊಲದಾಗ ಕಳೆ ತಗೀಲಿಕ್ಕೆ ಬರ್ತದೇನೋ ಮಗನ?’ ಎಂದು ನನ್ನನ್ನೇ ಕೇಳಿದಳು.

ಏಳು ಮಂದಿ, ಏಳು ಕಾರಣ. ಇವುಗಳಲ್ಲಿ ಭಕ್ತಿ ಇದೆ, ಉಳಿತಾಯ ಇದೆ, ಅಂಜಿಕೆ ಇದೆ, ಶೋಕಿ ಇದೆ, ಹೊಟ್ಟೆಪಾಡೂ ಇದೆ.

ಎಂಟನೆಯವಳು ಅಮ್ಮಿ. ಅವಳ ವಿಷಯ ಹೇಳದೆ ಈ ಭಾಷಣ ಮುಗಿಸಿದರೆ ನಾನು ಪ್ರಾಮಾಣಿಕನಲ್ಲ.

2006ರಲ್ಲಿ, ನಾನು ಬಿ.ಇ. ಮೊದಲ ವರ್ಷದಲ್ಲಿದ್ದಾಗ, ಅಬ್ಬಾ ತೀರಿಕೊಂಡರು. ಗಂಡ ಸತ್ತ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂಡಬೇಕು. ಅಲಂಕಾರ, ಬಣ್ಣದ ಬಟ್ಟೆ, ಅತ್ತರು ಇಲ್ಲ. ಅಮ್ಮಿ ಆ ಅಷ್ಟೂ ದಿನ ಬಿಳಿ ಸೀರೆಯಲ್ಲೇ ಇದ್ದಳು. ಅವಧಿ ಮುಗಿದ ದಿನ ನಮ್ಮ ದಾದಿಯೇ ಟ್ರಂಕು ತೆಗೆದು, ‘ಅಲ್ಲಾಹ್ ಹೇಳಿದ ಲೆಕ್ಕ ಮುಗೀತು. ಇನ್ನು ಬಣ್ಣ ಉಡು’ ಎಂದು ಹಸಿರು ಇಳಕಲ್ ಸೀರೆ ತೆಗೆದುಕೊಟ್ಟಳು. ಮಗನನ್ನು ಕಳೆದುಕೊಂಡ ಮುದುಕಿ ಸೊಸೆಗೆ ಹೇಳಿದ ಮಾತು ಅದು. ಓಣಿಯಲ್ಲಿ ಪಿಸುಮಾತು ಬಂತು. ‘ಗಂಡ ಇಲ್ಲದಾಕಿ ಹಸರು ಉಟ್ಟಾಳ’ ಎಂದವರಲ್ಲಿ ಎರಡೂ ಧರ್ಮದವರಿದ್ದರು. ದಾದಿ ಇರುವ ತನಕ ಯಾರೂ ಎದುರಿಗೆ ಅನ್ನಲಿಲ್ಲ.

ಕೊನೆಗೆ ಅಂದವನು ನಾನು. ಬಿ.ಇ. ಮುಗಿಯುವ ಹೊತ್ತಿಗೆ ಕೆಲವರ ಸಹವಾಸದಲ್ಲಿ ನನಗೆ ಧರ್ಮ ಪೂರ್ತಿ ತಿಳಿದುಬಿಟ್ಟಿದೆ ಎನಿಸಿತ್ತು. 2010ರ ರಮ್ಜಾನಿಗೆ ಊರಿಗೆ ಬಂದಾಗ ಅಮ್ಮಿ ಆ ಸೀರೆ ಉಟ್ಟು, ಬಿಳಿ ಚಾದರ ಹೊದ್ದು ಸಂತೆಯಿಂದ ಬರುತ್ತಿದ್ದಳು. ಮನೆಯೊಳಗೆ ಬರುತ್ತಲೇ, ‘ಈ ವಯಸ್ಸಿನಲ್ಲಿ, ಅಬ್ಬಾ ಇಲ್ಲದಾಗ, ಈ ಬಣ್ಣ ನಿನಗೆ ಒಪ್ಪುತ್ತದೇನು? ಇದು ಇಸ್ಲಾಮೇನು?’ ಎಂದು ಕೇಳಿದೆ. ನನ್ನ ಸಂಬಳದಲ್ಲಿ ಕೊಂಡು ತಂದಿದ್ದ ಕಪ್ಪು ಬುರ್ಖಾವನ್ನು ಅವಳ ಕೈಗಿಟ್ಟೆ. ಅಮ್ಮಿ ಒಂದು ಮಾತೂ ಆಡಲಿಲ್ಲ. ಸೀರೆ ಬದಲಿಸಿ, ಮಡಚಿ, ಟ್ರಂಕಿನ ತಳಕ್ಕೆ ಇಟ್ಟಳು. ನನಗೆ ಗೆದ್ದ ಹಾಗೆ ಅನಿಸಿತ್ತು.

ನನ್ನ ಧರ್ಮ ನಾಲ್ಕು ತಿಂಗಳು ಹತ್ತು ದಿನಕ್ಕೆ ಮುಗಿಸಿದ್ದನ್ನು ನಾನು ಜೀವನಪೂರ್ತಿಗೆ ಎಳೆದಿದ್ದೆ. ಅದೂ ಧರ್ಮದ ಹೆಸರಿನಲ್ಲಿ.

ಗೊತ್ತಾದದ್ದು ಒಂಬತ್ತು ವರ್ಷದ ಮೇಲೆ. 2019ರಲ್ಲಿ ಕಂಪನಿಯ ಕೆಲಸದ ಮೇಲೆ ಜೆಡ್ಡಾಕ್ಕೆ ಹೋಗಿದ್ದೆ. ಸಮುದ್ರದ ದಂಡೆಯಲ್ಲಿ ಸಂಜೆ ತಿರುಗಾಡುವ ಹೆಣ್ಣುಮಕ್ಕಳ ಅಬಾಯಾ ಬೂದು, ನೀಲಿ, ಕಂದು ಬಣ್ಣದವು. ಹಿಂದಿನ ವರ್ಷ, 2018ರ ಮಾರ್ಚಿನಲ್ಲಿ, ಅಲ್ಲಿಯ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅಮೆರಿಕದ ಟಿ.ವಿ. ಸಂದರ್ಶನದಲ್ಲಿ, ಮರ್ಯಾದೆಯ ಉಡುಪು ಬೇಕು ಎನ್ನುತ್ತದೆಯೇ ಹೊರತು ಕಪ್ಪೇ ಆಗಬೇಕೆಂದು ಕಾನೂನು ಹೇಳುವುದಿಲ್ಲ ಎಂದಿದ್ದರು. ಮೆಕ್ಕಾದಿಂದ ಗಂಟೆಯ ದಾರಿಯಲ್ಲಿ ನಿಂತು ನಾನು ಅಮ್ಮಿಯ ಹಸಿರು ಸೀರೆಯನ್ನು ನೆನೆದೆ.

ಊರಿಗೆ ಬಂದವನೇ ತಪ್ಪಾಯಿತು ಎಂದೆ. ‘ಇನ್ನು ಬುರ್ಖಾ ಬಿಡು ಅಮ್ಮಿ, ಆ ಸೀರೆ ಉಡು’ ಎಂದೆ. ಟ್ರಂಕು ತೆಗೆದೆವು. ಒಂಬತ್ತು ವರ್ಷ ಒಂದೇ ಮಡಿಕೆಯಲ್ಲಿ ಇದ್ದ ರೇಷ್ಮೆ ಮಡಿಕೆಗುಂಟ ಹರಿದಿತ್ತು. ಬಿಡಿಸಿದಂತೆಲ್ಲ ಸೀಳುತ್ತ ಹೋಯಿತು. ನಾನು ಹೊಸದು ಕೊಡಿಸುತ್ತೇನೆ ಎಂದೆ. ಆಗ ಅಮ್ಮಿ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ: ‘ಅಂದು ಹಾಕು ಅಂದಿ, ಇಂದು ತೆಗಿ ಅಂತಿ. ಎರಡನ್ನೂ ನೀನೇ ಹೇಳಬೇಕೇನು, ಬೇಟಾ? ಈಗ ನನಗೆ ಇದು ರೂಢಿಯಾಗಿದೆ. ಒಳಗೆ ತೇಪೆ ಹಾಕಿದ ಸೀರೆ ಇದ್ದರೂ ಮೇಲೆ ಯಾರಿಗೂ ಕಾಣುವುದಿಲ್ಲ. ಬೇಡ ಅನಿಸಿದ ದಿನ ನಾನೇ ಬಿಡುತ್ತೇನೆ.’

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇರಾನಿನ ಇತಿಹಾಸ ಓದುವಾಗ ಈ ಮಾತು ಮತ್ತೆ ನೆನಪಾಯಿತು. 1936ರಲ್ಲಿ ಅಲ್ಲಿಯ ದೊರೆ ರೆಜಾ ಶಾ ಪರದೆಯನ್ನೇ ನಿಷೇಧಿಸಿದ. ಪೊಲೀಸರು ಬೀದಿಯಲ್ಲಿ ಚಾದರ ಕಿತ್ತರು. ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. 1979ರ ಕ್ರಾಂತಿಯ ಮೇಲೆ ಬಂದ ಸರ್ಕಾರ ತಲೆ ಮುಚ್ಚುವುದನ್ನು ಕಡ್ಡಾಯ ಮಾಡಿತು. ಅಫ್ಘಾನಿಸ್ತಾನದಲ್ಲಿ 2021ರ ಸೆಪ್ಟೆಂಬರಿನಲ್ಲಿ ಕಾಬೂಲಿನ ಒಂದು ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳನ್ನು ಅಡಿಯಿಂದ ಮುಡಿತನಕ ಕಪ್ಪು ಹೊದಿಸಿ ಕೂಡಿಸಿದ ಚಿತ್ರ ಬಂದಾಗ, ಜಗತ್ತಿನ ಬೇರೆ ಬೇರೆ ಕಡೆಯ ಅಫ್ಘನ್ ಹೆಣ್ಣುಮಕ್ಕಳು ಕೆಂಪು, ಹಸಿರು, ನೇರಳೆ ಬಣ್ಣದ ತಮ್ಮ ಊರಿನ ಸಾಂಪ್ರದಾಯಿಕ ಲಂಗಗಳನ್ನು ತೊಟ್ಟ ಚಿತ್ರಗಳನ್ನು ಹಾಕಿ, ನಮ್ಮ ಬಟ್ಟೆ ಇದು ಎಂದರು. ದೊರೆ ಮಾಡಿದ್ದನ್ನೇ ಸಣ್ಣ ಅಳತೆಯಲ್ಲಿ ನಾನು ನಮ್ಮ ಪಡಸಾಲೆಯಲ್ಲಿ ಮಾಡಿದ್ದೆ. ಎರಡು ಸಲ.

ಈಗ ಆ ಹುಡುಗನಿಗೆ ಉತ್ತರ. ತಮ್ಮಾ, ನೀನು ಕೇಳಿದ್ದು ತಪ್ಪಲ್ಲ. ಬೇರೆ ಬಣ್ಣ ಹಾಕಿದರೆ ಪಾಪ ಬರುವುದಿಲ್ಲ. ಕಪ್ಪು ಹಾಕಿದರೂ ಅದು ತಪ್ಪಲ್ಲ. ಯಾಕೆ ಕಪ್ಪು ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಉಟ್ಟ ಒಬ್ಬೊಬ್ಬರ ಹತ್ತಿರ ಒಂದೊಂದು ಇದೆ. ಕೇಳುವುದಿದ್ದರೆ ನಗದೆ ಕೇಳು, ಉತ್ತರ ಬರುವ ತನಕ ತಾಳು. ಉತ್ತರ ಕೊಡದೆ ಇರುವ ಹಕ್ಕೂ ಅವರಿಗಿದೆ.

ಆವತ್ತು ತಲೆ ತಗ್ಗಿಸಿದ ಮೂರು ಹುಡುಗಿಯರಿಗೆ: ತಂಗಿಯರೇ, ತಲೆ ತಗ್ಗಿಸುವಂಥದ್ದು ಅಲ್ಲೇನೂ ಇರಲಿಲ್ಲ. ಆವತ್ತು ನಿಮ್ಮ ಪರವಾಗಿ ಎರಡು ಮಾತು ಆಡಬೇಕಾಗಿದ್ದ ನಾನು ನಕ್ಕು ಎದ್ದು ಹೋದೆ. ತಪ್ಪು ನನ್ನದು. ನೀವು ಏನು ಉಟ್ಟರೂ ಓದನ್ನು ಮಾತ್ರ ಬಿಡಬೇಡಿ. ನಿಮ್ಮ ಪುಸ್ತಕಗಳನ್ನು ನೀವೇ ಓದುವಷ್ಟು ಓದಿ. ಆಗ ನನ್ನಂಥ ಅರೆಬರೆ ತಿಳಿದ ಅಣ್ಣಂದಿರು, ಮಗಂದಿರು ಬಂದು ಧರ್ಮ ಹೇಳಿದಾಗ ‘ಯಾವ ಅಧ್ಯಾಯ, ಎಷ್ಟನೆಯ ವಚನ?’ ಎಂದು ಕೇಳಬಹುದು.

ಹುಡುಗರಿಗೆ, ಎಲ್ಲ ಧರ್ಮದ ಹುಡುಗರಿಗೆ: ಮನೆಗೆ ಹೋಗಿ ನಿಮ್ಮ ತಾಯಿಯ ಟ್ರಂಕಿನಲ್ಲಿ ಏನಿದೆ ಕೇಳಿ. ಉಡಬೇಕೆಂದು ಆಸೆಯಿದ್ದೂ ಮಡಚಿಟ್ಟದ್ದು ಯಾವುದು, ಯಾರ ಮಾತಿಗೆ ಅಂಜಿ ಮಡಚಿಟ್ಟಳು ಎಂದು ಕೇಳಿ. ರೇಷ್ಮೆ ಹರಿಯುವ ಮೊದಲು ಕೇಳಿ.

ಈ ಶಾಲೆ 1974ರಲ್ಲಿ ಶುರುವಾದಾಗ ಎರಡು ಕೋಣೆ ಇತ್ತಂತೆ. ನನ್ನ ಕಾಲಕ್ಕೆ ಆರಾಗಿತ್ತು. ಇಲ್ಲಿ ನಾವೆಲ್ಲ ನೀಲಿ ಬಿಳಿ ಸಮವಸ್ತ್ರದಲ್ಲಿ ಒಂದೇ ಬಾವಿಯ ನೀರು ಕುಡಿದೆವು. ನಮ್ಮಕ್ಕ ಅದೇ ಸಮವಸ್ತ್ರದ ಬಿಳಿ ವೇಲನ್ನು ತಲೆಯ ಮೇಲೆ ಹಾಕಿಕೊಂಡು ಮೂರು ವರ್ಷ ಇಲ್ಲೇ ಓದಿದಳು, ತಾಲ್ಲೂಕಿಗೆ ಗಣಿತದಲ್ಲಿ ಮೊದಲು ಬಂದಳು. ಆವತ್ತು ಯಾರೂ ಅವಳ ತಲೆಯ ಮೇಲಿನ ಬಟ್ಟೆ ನೋಡಲಿಲ್ಲ, ಹಾಳೆಯ ಮೇಲಿನ ಲೆಕ್ಕ ನೋಡಿದರು. ಹಾಗೆ ನೋಡಿದ ಗುರುಗಳಲ್ಲಿ ಇಬ್ಬರು ಇಂದು ನನ್ನ ಹಿಂದೆ ವೇದಿಕೆಯ ಮೇಲಿದ್ದಾರೆ. ಅವರ ಪಾದಗಳಿಗೆ ನ್ನ ನಮಸ್ಕಾರ.

ಅಮ್ಮಿಯೂ ಬಂದಿದ್ದಾಳೆ. ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದಾಳೆ. ಯಾವ ಬಣ್ಣದಲ್ಲಿ ಬಂದಿದ್ದಾಳೆ ಎಂದು ನಾನು ಹೇಳುವುದಿಲ್ಲ. ಅದು ಅವಳಿಗೆ ಬಿಟ್ಟದ್ದು.